ಟ್ರಾಲಿಯ ಮೇಲಿನ ಅಡಿಕೆ ಸುಲಿಯುವ ಯಂತ್ರಕ್ಕೆ ಅರ್ತಿಂಗ್: ಕಂಬಿ ಹೊಡೆದರೆ ಸಾಲದು

ಶಿರಸಿ ಕಡೆಯ ಸದಸ್ಯರಿಗೆ ನಮಸ್ಕಾರ. 3 ಎಚ್‌ಪಿ ತ್ರೀ ಫೇಸ್ ಮೋಟರಿನ ಅಡಿಕೆ ಸುಲಿಯುವ ಯಂತ್ರವನ್ನು ಟ್ರಾಲಿಯ ಮೇಲೆ ಕೂರಿಸಿ, 50 ಮೀಟರ್ ಕೇಬಲ್ ಎಳೆದು ಅಂಗಳದಿಂದ ಅಂಗಳಕ್ಕೆ ಒಯ್ಯುತ್ತೀರೆಂದೂ, ಯಂತ್ರ ಮುಟ್ಟಿದ ಕೆಲಸದವರಿಗೆ ಕೈ ಜುಮ್ಮೆಂದಿತೆಂದೂ, ಪಕ್ಕದಲ್ಲಿ ಕಬ್ಬಿಣದ ಕಂಬಿ ಹೊಡೆದು ತಂತಿ ಕಟ್ಟಿದರೆ ಸಾಕೇ ಎಂದೂ ಕೇಳಿದ್ದೀರಿ. ಸಾಲದು. ಮೊದಲು ಯಂತ್ರವನ್ನು ನಿಲ್ಲಿಸಿ, ಮೋಟರಿನ ವೈಂಡಿಂಗ್ ಮತ್ತು ಕೇಬಲ್ ಎರಡನ್ನೂ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇಟ್ಟು ಪರೀಕ್ಷೆ ಮಾಡಿಸಿ. ಜುಮ್ಮೆನ್ನುವುದು ಎಲ್ಲೋ ಇನ್ಸುಲೇಷನ್ ಸೋತಿರುವುದರ ಗುರುತು.

ಕಂಬಿ ಏಕೆ ಸಾಲದು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಒಳ್ಳೆಯ ಅರ್ತ್ ಗುಂಡಿಯದೇ ರೋಧ 20 ಓಮ್, ಟಿಸಿಯ (ಟ್ರಾನ್ಸ್‌ಫಾರ್ಮರಿನ) ಬುಡದ ಅರ್ತಿನದು 5 ಓಮ್ ಎಂದಿಟ್ಟುಕೊಂಡರೆ, ಒಂದು ಫೇಸ್ ಯಂತ್ರದ ಮೈಗೆ ತಗುಲಿದಾಗ 240 ವೋಲ್ಟಿಗೆ ಹರಿಯುವ ಕರೆಂಟು 10 ಆಂಪಿಯರ್‌ಗೂ ಕಡಿಮೆ. ಅಷ್ಟಕ್ಕೆ 20 ಆಂಪಿಯರಿನ ಫ್ಯೂಸ್ ಹೋಗುವುದಿಲ್ಲ. ಯಂತ್ರದ ಮೈಯಲ್ಲಿ ಸುಮಾರು 190 ವೋಲ್ಟ್ ಹಾಗೆಯೇ ನಿಂತಿರುತ್ತದೆ. ಬೇಸಿಗೆಯ ಒಣ ನೆಲದಲ್ಲಿ ಎರಡಡಿ ಇಳಿಸಿದ ಕಂಬಿಯ ರೋಧ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದ ಕೊಟ್ಟಿಗೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಬಿದ್ದು ಸಪ್ಲೈ ಕಡಿಯುವ ಸ್ವಿಚ್) ಇರಲೇಬೇಕು, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ಬೀಳುತ್ತದೆಯೇ ಎಂದು ನೋಡಲೂ ಬೇಕು.

ಆರ್‌ಸಿಸಿಬಿ ಇದ್ದ ಮೇಲೆ ಅರ್ತ್ ತಂತಿಯ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಅರ್ತ್ ತಂತಿ ಸರಿಯಿದ್ದರೆ ಫೇಸ್ ಮೈಗೆ ತಗುಲಿದ ಕ್ಷಣದಲ್ಲೇ, ಯಾರೂ ಮುಟ್ಟುವ ಮೊದಲೇ, ಆರ್‌ಸಿಸಿಬಿ ಬೀಳುತ್ತದೆ. ತಂತಿ ಕಡಿದಿದ್ದರೆ, ರಬ್ಬರ್ ಟಯರಿನ ಮೇಲೆ ನಿಂತ ಯಂತ್ರದಿಂದ ಕರೆಂಟಿಗೆ ಭೂಮಿಗಿಳಿಯಲು ದಾರಿಯೇ ಇರುವುದಿಲ್ಲ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಯಂತ್ರವನ್ನು ಮುಟ್ಟಿದವರ ಮೈಯೇ ಆ ದಾರಿಯಾಗುತ್ತದೆ. ಫೇಸ್ ಕಡಿದರೆ ಮೋಟರ್ ಗುಂಯ್‌ಗುಟ್ಟಿ ನಮಗೆ ತಿಳಿಸುತ್ತದೆ. ಅರ್ತ್ ಕಡಿದರೆ ಯಂತ್ರ ಎಂದಿನಂತೆ ತಿರುಗುತ್ತಲೇ ಇರುತ್ತದೆ, ಇಡೀ ಸುಗ್ಗಿ ಯಾರಿಗೂ ಗೊತ್ತಾಗದೆ ಉಳಿಯಬಹುದು.

ಎಳೆದಾಡುವ ಕೇಬಲ್ ನಡುವೆ ಕಡಿಯುವುದಕ್ಕಿಂತ ಎರಡು ತುದಿಗಳಲ್ಲಿ ಕಡಿಯುವುದೇ ಹೆಚ್ಚು. ಪ್ಲಗ್ಗಿನ ಮುಚ್ಚಳ ಬಿಚ್ಚಿ ನೋಡಿ: ಹಸಿರು ಅರ್ತ್ ತಂತಿ ಬಿಗಿಯಾಗಿ ಎಳೆದುಕೊಂಡಿದ್ದು, ಸ್ಕ್ರೂ ಕೆಳಗೆ ನಾಲ್ಕಾರು ಎಳೆ ಮಾತ್ರ ಸಿಕ್ಕಿಕೊಂಡು, ಉಳಿದವು ಕಪ್ಪಾಗಿ ಉದುರುವಂತಿದ್ದರೆ ಕತ್ತರಿಸಿ ಹೊಸದಾಗಿ ಲಗ್ (ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ಕೊಂಡಿ) ಹಾಕಿಸಿ. ಪ್ಲಗ್ಗಿನೊಳಗೆ ಮತ್ತು ಮೋಟರಿನ ಪೆಟ್ಟಿಗೆಯೊಳಗೆ ಅರ್ತ್ ತಂತಿಯನ್ನು ಫೇಸ್ ತಂತಿಗಳಿಗಿಂತ ಒಂದೆರಡು ಇಂಚು ಉದ್ದವಾಗಿ, ಸಡಿಲವಾಗಿ ಬಿಡಬೇಕು. ಯಾರಾದರೂ ಕೇಬಲ್ಲನ್ನು ಜಗ್ಗಿದರೆ ಮೊದಲು ಫೇಸ್ ಕಳಚಬೇಕು, ಅರ್ತ್ ಕೊನೆಗೆ. ಜಗ್ಗುವ ಭಾರ ಸ್ಕ್ರೂಗಳ ಮೇಲೆ ಬೀಳದಂತೆ ಕ್ಲಾಂಪ್ ಕೇಬಲ್ಲಿನ ಹೊರಕವಚವನ್ನೇ ಹಿಡಿದಿರಬೇಕು.

ಅರ್ತ್ ತಂತಿಯ ರೋಧ ಅಳೆಯುವಾಗ ಕೇಬಲ್ಲನ್ನು ಸಾಕೆಟ್ಟಿನಿಂದ ಬಿಚ್ಚಿ, ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು, ಪ್ಲಗ್ಗಿನ ಅರ್ತ್ ಪಿನ್ನಿನಿಂದ ಯಂತ್ರದ ಪೇಂಟ್ ಕೆರೆದ ಜಾಗಕ್ಕೆ ಹಿಡಿಯಿರಿ. 4 ಚದರ ಮಿ.ಮೀ. ತಾಮ್ರದ ತಂತಿಗೆ 50 ಮೀಟರಿನಲ್ಲಿ ಸುಮಾರು ಕಾಲು ಓಮ್, 2.5ರದಕ್ಕೆ 0.4 ಓಮ್ ಬರಬೇಕು. ಮೀಟರಿನ ಎರಡು ಮೊನೆಗಳನ್ನು ಕೂಡಿಸಿದಾಗ ತೋರುವುದನ್ನು ಕಳೆಯಿರಿ. ಬರೀ ಬೀಪ್ ಸದ್ದನ್ನು ನಂಬಬೇಡಿ, ಹತ್ತಿಪ್ಪತ್ತು ಓಮ್ ಇದ್ದರೂ ಅದು ಕೂಗಬಹುದು. ಅಳೆಯುತ್ತಿರುವಾಗಲೇ ಇನ್ನೊಬ್ಬರು ಎರಡೂ ತುದಿಗಳ ಬಳಿ ಕೇಬಲ್ಲನ್ನು ಬಾಗಿಸಿ ಅಲುಗಾಡಿಸಲಿ. ಅಂಕಿ ಕುಣಿದರೆ ಅಲ್ಲೇ ಜೋಡಣೆ ಹಾಳಾಗಿದೆ. ಒಂದೇ ಎಳೆ ಉಳಿದಿದ್ದರೂ ಮೀಟರ್ ಸರಿಯೆಂದೇ ತೋರಿಸುವುದರಿಂದ ಮುಚ್ಚಳ ಬಿಚ್ಚಿ ನೋಡುವ ಕೆಲಸ ತಪ್ಪದು.

ಗಣಿಗಳಲ್ಲಿ ಓಡಾಡುವ ಯಂತ್ರಗಳಲ್ಲಿ ಅರ್ತ್ ತಂತಿಯ ಮೇಲೆ ಕಾವಲು ಸದಾ ಇರುವಂತೆ ಮಾಡುತ್ತಾರೆ. ಕೇಬಲ್ಲಿನಲ್ಲಿ ಪೈಲಟ್ ಎಂಬ ಹೆಚ್ಚಿನ ತಂತಿಯೊಂದಿರುತ್ತದೆ. ಸಣ್ಣ ವೋಲ್ಟೇಜಿನ ಕರೆಂಟು ಅದರಲ್ಲಿ ಹೋಗಿ, ಯಂತ್ರದ ತುದಿಯಲ್ಲಿರುವ ಡಯೋಡನ್ನು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ದಾಟಿ, ಅರ್ತ್ ತಂತಿಯಲ್ಲಿ ಹಿಂದಿರುಗುತ್ತದೆ. ಅರ್ತ್ ಕಡಿದರೆ ಇದನ್ನು ಕಾಯುವ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಬಿಟ್ಟುಕೊಂಡು ಸಪ್ಲೈ ನಿಲ್ಲುತ್ತದೆ. ಪೈಲಟ್ಟೂ ಅರ್ತೂ ಒಂದಕ್ಕೊಂದು ತಗುಲಿದರೂ ಡಯೋಡಿನ ಪರಿಣಾಮ ಕಾಣೆಯಾಗುವುದರಿಂದ ರಿಲೇಗೆ ಗೊತ್ತಾಗುತ್ತದೆ. ನಿಮ್ಮಲ್ಲಿಯೂ ಐದು ಕೋರಿನ ಕೇಬಲ್ ಹಾಕಿ, ಅರ್ತ್ ಮಾನಿಟರ್ ರಿಲೇಯ ಕಾಂಟ್ಯಾಕ್ಟನ್ನು ಸ್ಟಾರ್ಟರಿನ ನೋವೋಲ್ಟ್ ಕಾಯಿಲಿನ (ಕರೆಂಟು ಹೋದರೆ ಸ್ಟಾರ್ಟರನ್ನು ಬಿಡಿಸುವ ಕಾಯಿಲ್) ಸಾಲಿಗೆ ಸೇರಿಸಬಹುದು. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಿ, ಮತ್ತು ಸ್ಟಾರ್ಟರ್ ಕೊಟ್ಟಿಗೆಯ ಗೋಡೆಯಲ್ಲಿರಲಿ. ಸ್ಟಾರ್ಟರ್ ಟ್ರಾಲಿಯ ಮೇಲಿದ್ದರೆ ರಿಲೇ ಮೋಟರನ್ನು ನಿಲ್ಲಿಸಿದರೂ 50 ಮೀಟರ್ ಕೇಬಲ್ಲಿನಲ್ಲಿ ಕರೆಂಟು ಹಾಗೆಯೇ ಇರುತ್ತದೆ.

ಯಂತ್ರದ ಮೈಗೆ ನ್ಯೂಟ್ರಲ್ ಕಟ್ಟಿದರೆ ಸಾಕೆಂದು ಹೇಳುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ, ಅದರ ಮೇಲಿರುವ ಬಲ್ಬು ಫ್ಯಾನುಗಳ ಮೂಲಕ ಫೇಸ್ ನೇರವಾಗಿ ಯಂತ್ರದ ಮೈಗೇ ಬರುತ್ತದೆ.