ಪ್ಯಾನಿಗೆ ಬಲೆ ಯಾಕೆ?

ಪ್ರಶ್ನೆ: ಹವಾಮಾನ ಕೇಂದ್ರದಲ್ಲಿ ನೀರು ಆವಿಯಾಗುವುದನ್ನು ಅಳೆಯುವ ಪ್ಯಾನಿಗೆ ತಂತಿ ಬಲೆ ಹಾಕಿದ್ದಾರೆ. ಲೆಕ್ಕ ತಪ್ಪುವುದಿಲ್ಲವೇ? ನನ್ನ ಕೃಷಿಹೊಂಡಕ್ಕೂ ಅದೇ ಅಂಕಿ ಹಿಡಿಯಬಹುದಾ?
– ತೊಗರಿ ರೈತ, ಸೇಡಂ

ಉತ್ತರ: ಬಲೆಯ ನೆರಳಿಗೆ ಆವಿ ಸ್ವಲ್ಪ ಕಡಿಮೆ ಆಗುತ್ತದೆ, ನಿಜ. ಆದರೆ ಕಲಬುರಗಿಯ ಮೇ ಬಿಸಿಲಲ್ಲಿ ಬಲೆ ಇಲ್ಲದೆ ಇಟ್ಟು ನೋಡಿ! ಕಾಗೆ, ನಾಯಿ ಕುಡಿದ ನೀರೂ ಆವಿಯ ಲೆಕ್ಕಕ್ಕೇ ಸೇರುತ್ತದೆ. ನಾನು ವೀಕ್ಷಕನಾಗಿದ್ದಾಗ ಬೇಲಿಯ ಹೊರಗೆ ಕಾಗೆಗಳಿಗೆ ಬೇರೆ ಬೋಗುಣಿ ಇಡುತ್ತಿದ್ದೆ. ಪಾಪ, ಅವುಗಳಿಗೇನು ಗೊತ್ತು.

ಪ್ಯಾನ್ ಸುಮಾರು 120 ಸೆಂ.ಮೀ. ಅಗಲ, 25 ಸೆಂ.ಮೀ. ಆಳ. ಒಳಗೊಂದು ಚೂಪು ಮೊನೆ. ಬೆಳಿಗ್ಗೆ 8.30ಕ್ಕೆ ನೀರು ಮೊನೆ ಮುಟ್ಟುವಷ್ಟು ಅಳೆದು ಹಾಕಬೇಕು. ಹಾಕಿದಷ್ಟು ಆವಿಯಾಗಿದೆ ಎಂದರ್ಥ. ಮಳೆ ಬಂದಿದ್ದರೆ ಅದನ್ನೂ ಕೂಡಿಸಬೇಕು.

ಬಲೆ ಇರುವುದು ತೊಂದರೆಯಲ್ಲ, ನಡುವೆ ಸುಮ್ನೆ ತೆಗೆಯುವುದು ತೊಂದರೆ. ಪಕ್ಕದ ಬೇವಿನ ಗಿಡ ದೊಡ್ಡದಾಗಿ ನೆರಳು ಬಿದ್ದರೂ ಅಷ್ಟೇ. ಅಂಕಿ ಇಳಿಯುತ್ತದೆ, ಮುಂದಿನವರು ಹವೆಯೇ ಬದಲಾಯಿತು ಅಂದುಕೊಳ್ಳುತ್ತಾರೆ. ಹವಾಮಾನದ ಸರಾಸರಿ ತೆಗೆಯುವುದು 30 ವರ್ಷಕ್ಕೆ, ಅಲ್ವಾ? ಅದಕ್ಕೇ ಬಲೆ, ಬಣ್ಣ, ಜಾಗ ಯಾವುದು ಬದಲಾದರೂ ತಾರೀಖು ಸಮೇತ ರಿಜಿಸ್ಟರಿನಲ್ಲಿ ಬರೆಯಬೇಕು. ಕೇಂದ್ರವನ್ನೇ ಸ್ಥಳಾಂತರಿಸುವುದಾದರೆ ಹಳೆಯ, ಹೊಸ ಜಾಗ ಎರಡರಲ್ಲೂ ಕೆಲಕಾಲ ಒಟ್ಟಿಗೆ ಅಳೆಯಬೇಕು. ಇದು ಬೇಜಾರಿನ ಕೆಲಸ, ಹಾಗಾಗಿ ಬಿಟ್ಟುಬಿಡುವವರೇ ಜಾಸ್ತಿ.

ಹೊಂಡಕ್ಕೆ ಅದೇ ಅಂಕಿ ಬೇಡ. ಪ್ಯಾನಿನ ತಗಡು ಬದಿಯಿಂದಲೂ ಕಾಯುತ್ತದೆ, ಆವಿ ಜಾಸ್ತಿ. ಬಲೆ ಇಲ್ಲದ ಪ್ಯಾನಿನ ಅಂಕಿಯನ್ನು ಸುಮಾರು 0.7ರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ಬಲೆ ಇದ್ದರೆ ಅದಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯಿರಿ.