ತವರಿನಿಂದ ತಂದ ರೋಗವೇ?

ಯಾದಗಿರಿ ಜಿಲ್ಲೆಯ ಹಳ್ಳಿಯೊಂದರ ಸೊಸೆ, 23 ವರ್ಷ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಮದುವೆಯಾಗಿ ವರ್ಷ ತುಂಬಿಲ್ಲ, ಗಂಡ ಪುಣೆಯಲ್ಲಿ ಗೌಂಡಿ. ಕಫ ಪರೀಕ್ಷೆಯಲ್ಲಿ ಟಿಬಿ ಎಂದು ಬಂದಿತ್ತು. ಎರಡು ತಿಂಗಳು ಗುಳಿಗೆ ನುಂಗಿದಳು, ಕೆಮ್ಮು ನಿಂತಿತು, ಬಿಟ್ಟಳು.

ನನ್ನ ಬಳಿ ಸಲಹೆಗೆ ಬಂದಾಗ ಜೊತೆಗಿದ್ದ ಅತ್ತೆಯದು ಒಂದೇ ಮಾತು: “ನಮ್ಮ ಮನ್ಯಾಗ ಯಾರಿಗೂ ಕೆಮ್ಮಿಲ್ರೀ. ಈಕಿ ತವರಮನಿಂದನೇ ತಂದಾಳ.” ಗಂಗಾಳ, ಚರಿಗೆ ಬೇರೆ ಇಟ್ಟಿದ್ದರು. ಹುಡುಗಿ ತಲೆ ಎತ್ತಲಿಲ್ಲ. ಗುಳಿಗೆಗಿಂತ ಮೊದಲು ಈ ಆರೋಪ ಇಳಿಯಬೇಕಿತ್ತು. ಅದನ್ನು ಹೊತ್ತು ಕೂತವಳಿಗೆ ನನ್ನ ಯಾವ ಮಾತೂ ಕೇಳಿಸುತ್ತಿರಲಿಲ್ಲ.

“ಅವ್ವಾ, ಇದು ಕೆಮ್ಮಿದವರ ಗಾಳಿಯಿಂದ ಬರ್ತದ, ಗಂಗಾಳದಿಂದಲ್ಲ” ಎಂದು ಶುರು ಮಾಡಿದೆ. ಉಸಿರಿನಲ್ಲಿ ಒಳಹೋದ ರೋಗಾಣುವನ್ನು ಶ್ವಾಸಕೋಶದ ಮ್ಯಾಕ್ರೋಫೇಜ್ ಎಂಬ ಕಾವಲು ಜೀವಕೋಶ ನುಂಗುತ್ತದೆ. ನುಂಗಿದ್ದನ್ನು ಒಂದು ಚೀಲದಲ್ಲಿಟ್ಟು, ಅರಗಿಸುವ ರಸ ತುಂಬಿದ ಇನ್ನೊಂದು ಚೀಲವನ್ನು ಅದಕ್ಕೆ ಕೂಡಿಸಿ ಕೊಲ್ಲುವುದು ಅದರ ಕ್ರಮ. ಮೇಣದಂಥ ದಪ್ಪ ಹೊದಿಕೆಯ ಈ ರೋಗಾಣು ಆ ಎರಡು ಚೀಲ ಕೂಡದಂತೆ ತಡೆಯುತ್ತದೆ. ಕೊಲ್ಲಬೇಕಾದ ಜೀವಕೋಶದಲ್ಲೇ ಮನೆ ಮಾಡುತ್ತದೆ. ಆಗ ದೇಹ ಸುತ್ತಲೂ ಜೀವಕೋಶಗಳ ಗಂಟು ಕಟ್ಟಿ ಅದನ್ನು ಕೂಡಿಹಾಕುತ್ತದೆ. ಅಲ್ಲಿ ಅದು ವರ್ಷಗಟ್ಟಲೆ ಸುಮ್ಮನಿರಬಲ್ಲದು. ಸೋಂಕು ತಗುಲಿದ 100 ಮಂದಿಯಲ್ಲಿ ಜೀವಮಾನದಲ್ಲಿ ರೋಗಕ್ಕೆ ತುತ್ತಾಗುವವರು 5ರಿಂದ 10 ಮಂದಿ ಮಾತ್ರ. ಹೊಟ್ಟೆಗೆ ಸಾಲದಿದ್ದರೆ, ಸಕ್ಕರೆ ಕಾಯಿಲೆ ಅಥವಾ ಎಚ್‌ಐವಿ ಇದ್ದರೆ ಗಂಟಿನ ಹಿಡಿತ ಸಡಿಲುತ್ತದೆ. ಗಂಟಿನ ನಡುಭಾಗ ಕರಗಿ ಶ್ವಾಸನಾಳಕ್ಕೆ ಒಡೆಯುತ್ತದೆ, ರೋಗಾಣು ಕೆಮ್ಮಿನೊಡನೆ ಹೊರಬೀಳುತ್ತದೆ.

ಹಾಗಾಗಿ ಈಕೆಗೆ ಎಂದು, ಯಾರಿಂದ ತಗುಲಿತೆಂದು ಯಾರೂ ಹೇಳಲಾರರು. ಸಣ್ಣವಳಿದ್ದಾಗಲೇ ಇರಬಹುದು, ಬಸ್ಸಿನಲ್ಲಿರಬಹುದು, ನಿಮ್ಮ ಮನೆಗೆ ಬಂದ ಮೇಲೂ ಇರಬಹುದು ಎಂದೆ. ಅತ್ತೆ ಸುಮ್ಮನಾದರು. “ಮತ್ತ ಕೆಮ್ಮು ನಿಂತೈತಲ್ರೀ, ಗುಳಿಗಿ ಯಾಕ?” ಎಂದು ಹುಡುಗಿಯೇ ಕೇಳಿದಳು. ಆಕೆ ಬಾಯಿ ಬಿಟ್ಟದ್ದು ನನಗೆ ದೊಡ್ಡ ಸಮಾಧಾನ.

ಈ ರೋಗಾಣು ಒಂದು ಎರಡಾಗಲು ಹೆಚ್ಚುಕಡಿಮೆ ಇಡೀ ದಿನ ಬೇಕು. ಚುರುಕಾಗಿ ಬೆಳೆಯುವವು ಮೊದಲು ಸಾಯುತ್ತವೆ, ಕೆಮ್ಮು ನಿಲ್ಲುತ್ತದೆ. ಮಂದವಾಗಿ ಅಡಗಿದವು ಉಳಿಯುತ್ತವೆ. ಅದಕ್ಕೇ ಮೊದಲ 2 ತಿಂಗಳು ನಾಲ್ಕು ಔಷಧ, ಮುಂದಿನ 4 ತಿಂಗಳು ಮೂರು. ನಡುವೆ ಬಿಟ್ಟರೆ ರೋಗ ಮರಳಬಹುದು, ಔಷಧಕ್ಕೆ ಬಗ್ಗದ ತಳಿಯೂ ಹುಟ್ಟಬಹುದು.

ಕೊಟ್ಟ ಸಲಹೆ: ಅಂದೇ ವೈದ್ಯರನ್ನು ಕಂಡು ಕಫ ಮತ್ತೆ ಪರೀಕ್ಷಿಸಬೇಕು. ಗುಳಿಗೆ ಹೇಗೆ ಮುಂದುವರಿಸಬೇಕೆಂಬುದು ಅವರ ತೀರ್ಮಾನ. ಮೂತ್ರ ಕಿತ್ತಳೆ ಬಣ್ಣವಾದರೆ ಹೆದರಬೇಡ, ಅದು ಔಷಧದ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ತಡಮಾಡದೆ ಬಾ. ಟಿಬಿ ರೋಗಿಯ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ 1,000 ರೂಪಾಯಿ ಇವಳ ಊಟಕ್ಕೇ ಹೋಗಲಿ. ಗಂಡನೂ ಪುಣೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಲಿ.

ಮಾತಿನ ನಡುವೆ ಅತ್ತೆ ತಮಗೆ ಸಕ್ಕರೆ ಕಾಯಿಲೆ ಇದೆಯೆಂದರು. ಅವರನ್ನೂ ಅಂದೇ ಎಕ್ಸ್‌ರೇಗೆ ಕಳಿಸಿದೆ. ರೋಗವಿಲ್ಲವೆಂದು ಖಾತ್ರಿಯಾದರೆ ಮುಂಜಾಗ್ರತೆಯ ಗುಳಿಗೆಗಳ ಬಗ್ಗೆ ವೈದ್ಯರನ್ನು ಕೇಳಲು ಹೇಳಿದೆ.