ಹಳೆಯ ಫುಟ್‌ಬಾಲ್ ಆಟಗಾರನ ಹುಟ್ಟು-ಸಾವಿನ ದಿನಾಂಕ ಹುಡುಕುವುದು

1912ರಲ್ಲಿ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್ ಫಿಟ್ಜ್‌ರಾಯ್ ಪರ ಆಡಿದ, ಬರೀ ಇನಿಷಿಯಲ್ ಮತ್ತು ಮನೆಹೆಸರು ಮಾತ್ರ ಸಿಕ್ಕಿರುವ ಆಟಗಾರನ ಬಗ್ಗೆ ಕೇಳಿದ್ದೀರಿ. ಮೊದಲು ಪೂರ್ತಿ ಹೆಸರು ಹುಡುಕಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಎಂಬ ಜಾಲತಾಣದಲ್ಲಿ ಆ ಕಾಲದ ಪತ್ರಿಕೆಗಳನ್ನು ಉಚಿತವಾಗಿ ಓದಬಹುದು. ಪಂದ್ಯದ ವರದಿಗಳಲ್ಲಿ ಹೆಚ್ಚಾಗಿ ಮನೆಹೆಸರಷ್ಟೇ ಇರುತ್ತದೆ. ಹಾಗಾಗಿ ಮದುವೆ, ಸಾವಿನ ಜಾಹೀರಾತುಗಳನ್ನೂ ನೋಡಿ. 'ಹಿಂದೆ ಫಿಟ್ಜ್‌ರಾಯ್ ಆಟಗಾರ' ಎಂಬ ಒಂದು ಸಾಲು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಆಮೇಲೆ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಜನನ-ಮರಣ ನೋಂದಣಿ ಸೂಚಿಗೆ ಹೋಗಿ. ಅಲ್ಲಿ ನೋಂದಣಿ ಶುರುವಾದದ್ದು 1853ರಲ್ಲಿ. ನನ್ನ ಸಲಹೆ, ಸಾವಿನಿಂದ ಹಿಂದಕ್ಕೆ ಬನ್ನಿ. ಮರಣದ ಸೂಚಿಯಲ್ಲಿ ಸಾಮಾನ್ಯವಾಗಿ ವಯಸ್ಸು, ತಂದೆ-ತಾಯಿಯ ಹೆಸರು ಇರುತ್ತವೆ. ತಾಯಿಯ ತವರಿನ ಮನೆಹೆಸರನ್ನು ಜನನದ ಸೂಚಿಯ ಜೊತೆ ತಾಳೆ ನೋಡಿ. ಹೆಸರೊಂದು ಹೊಂದಿತು ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ, ಒಂದೇ ಹೆಸರಿನವರು ಮೆಲ್ಬರ್ನ್‌ನಲ್ಲಿ ಆಗ ಎಷ್ಟೋ ಜನ ಇದ್ದರು ಅಲ್ವಾ! ಮರಣದಲ್ಲಿ ಬರೆಸಿದ ವಯಸ್ಸು ಮನೆಯವರು ಹೇಳಿದ್ದು, ಒಂದೆರಡು ವರ್ಷ ಆಚೀಚೆ ಇರಬಹುದು.

ಆ ಪೀಳಿಗೆಯ ತುಂಬ ಜನ ಮೊದಲ ಮಹಾಯುದ್ಧಕ್ಕೆ ಹೋದರು. ಅವರ ಸೇನಾ ದಾಖಲೆಗಳನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ದಾಖಲೆ ಭಂಡಾರ ಆನ್‌ಲೈನ್‌ನಲ್ಲಿ ಇಟ್ಟಿದೆ. ಹುಟ್ಟಿದ ಊರು, ಹತ್ತಿರದ ಬಂಧುವಿನ ಹೆಸರು, ವಿಳಾಸ ಅಲ್ಲಿ ಸಿಗುತ್ತವೆ. ಆದರೆ ಸೇರಲೆಂದು ವಯಸ್ಸು ಬದಲಿಸಿ ಹೇಳಿದವರೂ ಇದ್ದರು, ದಿನಾಂಕಕ್ಕೆ ಅದೊಂದನ್ನೇ ನಂಬಬೇಡಿ.

ವಿಕ್ಟೋರಿಯಾದಲ್ಲಿ ಸಾವು ಸಿಗದಿದ್ದರೆ ಬೇರೆ ರಾಜ್ಯಗಳ ಸೂಚಿಗಳನ್ನೂ ನೋಡಿ. ಕೆಲಸ ಹುಡುಕಿ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲೇ ನೆಲೆಸಿದ ಆಟಗಾರರು ಇದ್ದಾರೆ. ಪೂರ್ತಿ ಹೆಸರು ಸಿಕ್ಕ ಕೂಡಲೇ ಇಲ್ಲಿ ಹಾಕಿ, ನಾನೂ ಹುಡುಕುತ್ತೇನೆ.